ಸ್ಪ್ಯಾನರ್ ಯಾರ ಕೈಯಲ್ಲಿರಬೇಕು?

ಸಕಲೇಶಪುರ ತಾಲ್ಲೂಕಿನ ಹೆತ್ತೂರು ಹೋಬಳಿಯಲ್ಲಿ ಮಳೆಗಾಲವೆಂದರೆ ಒಂದೆರಡು ವಾರದ ಮಾತಲ್ಲ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬೆನ್ನು ಬಿಡುವುದಿಲ್ಲ. ಸಂಜೆಗೆ ಮೊದಲೇ ಮಂಜು ಇಳಿದು ತೋಟದ ದಾರಿ ಮಸುಕಾಗುತ್ತದೆ. ಅಂಥ ಹೊತ್ತಿನಲ್ಲಿ ಬೈಕಿನ ದೀಪ ಸಾಲದು ಎನಿಸಿ, ಟೈರು ಜಾರಿದಂತಾಗಿ, ಏರಿನಲ್ಲಿ ಎಂಜಿನ್ ಏದುಸಿರು ಬಿಟ್ಟರೆ ಸವಾರನ ಮನಸ್ಸಿನಲ್ಲಿ ಆಸೆಗಳು ಮೊಳೆಯುತ್ತವೆ. ಇನ್ನೂ ಪ್ರಖರವಾದ ದೀಪ, ಹಿಡಿತವುಳ್ಳ ಟೈರು, ಏರಿಗೆ ಒಗ್ಗುವ ಸ್ಪ್ರಾಕೆಟ್. ಅದರ ಬೆನ್ನಿಗೇ ಪ್ರಶ್ನೆಯೂ ಏಳುತ್ತದೆ: ಇವನ್ನೆಲ್ಲ ಅಂಗಡಿಯಲ್ಲಿ ಹಾಕಿಸುವುದೋ, ಮನೆಯ ಅಂಗಳದಲ್ಲೇ ಹಾಕಿಕೊಳ್ಳುವುದೋ?

ಪೇಟೆಯವರಿಗೆ ಇದು ಕೇವಲ ಕೂಲಿಯ ಲೆಕ್ಕ. ಹೆತ್ತೂರಿನವರಿಗೆ ಹಾಗಲ್ಲ. ಬೈಕನ್ನು ಸಕಲೇಶಪುರಕ್ಕೆ ಒಯ್ದು, ವರ್ಕ್‌ಶಾಪಿನಲ್ಲಿ ಸರದಿ ಕಾದು ಮರಳುವಷ್ಟರಲ್ಲಿ ಒಂದು ದಿನವೇ ಕಳೆಯುತ್ತದೆ. ಕಾಫಿ ಕೊಯ್ಲಿನ ಕಾಲದಲ್ಲಿ ಆ ದಿನದ ಬೆಲೆ ಮೆಕ್ಯಾನಿಕ್ಕಿನ ಕೂಲಿಗಿಂತ ದೊಡ್ಡದು. ಆದ್ದರಿಂದ ಸ್ಪ್ಯಾನರ್ ಹಿಡಿಯುವ ಚಪಲ ಇಲ್ಲಿ ಜಿಪುಣತನದಿಂದ ಹುಟ್ಟಿದ್ದಲ್ಲ, ಅನಿವಾರ್ಯದಿಂದ ಹುಟ್ಟಿದ್ದು.

ಹಳೆಯ ಬೈಕುಗಳು ಈ ಚಪಲಕ್ಕೆ ನೀರೆರೆದವು ಎಂಬುದೂ ನಿಜ. 1960ರ ದಶಕದ ಆರಂಭದಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯಜ್ಡಿಗಳು ಸವಾರನನ್ನು ಅರ್ಧ ಮೆಕ್ಯಾನಿಕ್ ಮಾಡಿಯೇ ಬಿಡುತ್ತಿದ್ದವು. ಮಳೆಯಲ್ಲಿ ನಿಂತುಹೋದರೆ ಪ್ಲಗ್ ಬಿಚ್ಚಿ ಒರೆಸುವುದು, ಪಾಯಿಂಟ್ ಉಜ್ಜಿ ಅದರ ಸಂದನ್ನು ಸರಿಪಡಿಸುವುದು, ಪೆಟ್ರೋಲಿಗೆ ಅಳತೆಯ ಆಯಿಲ್ ಬೆರೆಸುವುದು ಇವೆಲ್ಲ ಸವಾರಿಯ ಭಾಗವೇ ಆಗಿದ್ದವು. ಈಗಿನ ಬೈಕು ಬೇರೆ ಜಾತಿಯದು. 2019ರ ಏಪ್ರಿಲ್‌ನಿಂದ 125 ಸಿ.ಸಿ. ಮೀರಿದ ಹೊಸ ಬೈಕುಗಳಿಗೆ ಎ.ಬಿ.ಎಸ್. ಬ್ರೇಕ್ ಕಡ್ಡಾಯವಾಯಿತು. 2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ನಿಯಮ ಬಂದ ಮೇಲೆ ಬಹುತೇಕ ಬೈಕುಗಳಲ್ಲಿ ಕಾರ್ಬುರೇಟರಿನ ಜಾಗಕ್ಕೆ ಇಂಜೆಕ್ಟರು, ಸೆನ್ಸರುಗಳು ಬಂದು ಕೂತವು. ಅಪ್ಪ ಜಾವಾ ಬಿಚ್ಚುತ್ತಿದ್ದ ಧೈರ್ಯದಲ್ಲಿ ಮಗ ಇದನ್ನು ಬಿಚ್ಚಿದರೆ ಜೋಡಿಸುವುದು ಕಷ್ಟ.

ಹಾಗಾದರೆ ಗೆರೆ ಎಳೆಯುವುದು ಎಲ್ಲಿ? ಕೆಲಸ ಸುಲಭವೋ ಕಷ್ಟವೋ ಎಂದು ನೋಡಿದರೆ ಸಾಲದು. ಮಾಡಿದ ತಪ್ಪು ಎಲ್ಲಿ ಬಯಲಾಗುತ್ತದೆ ಎಂದು ನೋಡಬೇಕು. ಅಂಗಳದಲ್ಲೇ ಬಯಲಾಗುವ ತಪ್ಪಾದರೆ ಕೆಲಸವನ್ನು ಧೈರ್ಯವಾಗಿ ತಾನೇ ಮಾಡಬಹುದು. ಬಿಸಿಲೆ ಘಾಟಿಯ ಇಳಿಜಾರಿನ ತಿರುವಿನಲ್ಲಿ ಬಯಲಾಗುವ ತಪ್ಪಾದರೆ ಕೂಲಿ ಕೊಡುವುದೇ ಲೇಸು.

ಕನ್ನಡಿ, ಹ್ಯಾಂಡಲ್ ಗ್ರಿಪ್, ಮಡ್‌ಫ್ಲಾಪ್, ಸಾಮಾನು ಕಟ್ಟುವ ಕ್ಯಾರಿಯರ್, ಸೀಟಿನ ಹೊದಿಕೆ ಮೊದಲ ಗುಂಪಿಗೆ ಸೇರಿದವು. ಎತ್ತರದ ಹ್ಯಾಂಡಲ್ ಹಾಕಿದರೆ ಒಂದು ಪರೀಕ್ಷೆ ಮಾತ್ರ ತಪ್ಪಿಸಬಾರದು. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಇಟ್ಟು, ಹ್ಯಾಂಡಲನ್ನು ಎಡದ ಕೊನೆಗೆ, ಬಲದ ಕೊನೆಗೆ ತಿರುಗಿಸಬೇಕು. ಎಂಜಿನ್ನಿನ ಸದ್ದು ತಾನಾಗಿ ಏರಿದರೆ ಆಕ್ಸಿಲರೇಟರ್ ಕೇಬಲ್ ಜಗ್ಗುತ್ತಿದೆ ಎಂದರ್ಥ. ಅದೇ ದೋಷ ಹೇರ್‌ಪಿನ್ ತಿರುವಿನಲ್ಲಿ ತಲೆದೋರಿದರೆ ಗತಿಯೇನು?

ಎರಡನೆಯ ಗುಂಪಿನಲ್ಲಿ ಬ್ರೇಕಿನದೇ ಅಗ್ರಸ್ಥಾನ. ಡಿಸ್ಕ್ ಬ್ರೇಕಿನ ಕೊಳವೆ ಬಿಚ್ಚಿದರೆ ಗಾಳಿ ಸೇರುತ್ತದೆ. ಆ ಗಾಳಿ ಪೂರ್ತಿ ಹೋಗದಿದ್ದರೆ ಲಿವರ್ ಸ್ಪಂಜಿನಂತೆ ಒಳಗೆ ಹೋಗುತ್ತದೆಯೇ ಹೊರತು ಚಕ್ರ ನಿಲ್ಲುವುದಿಲ್ಲ. ಎ.ಬಿ.ಎಸ್. ಇರುವ ಕೆಲವು ಬೈಕುಗಳಲ್ಲಿ ಈ ಗಾಳಿ ತೆಗೆಯಲು ಕಂಪೆನಿಯ ಯಂತ್ರವೇ ಬೇಕು. ಪ್ಯಾಡಿಗೆ ಗ್ರೀಸು ಮೆತ್ತಿದ ಬೆರಳು ತಾಗಿದರೂ ಹಿಡಿತ ಕೆಡುತ್ತದೆ. ಶಾಕ್ ಅಬ್ಸಾರ್ಬರ್, ಚಕ್ರದ ಆಕ್ಸಲ್, ಸ್ಟೀರಿಂಗ್ ಬೇರಿಂಗುಗಳೂ ಹೀಗೆಯೇ. ಅವುಗಳ ನಟ್ಟನ್ನು ಎಷ್ಟು ಬಿಗಿಯಬೇಕೆಂಬ ಅಳತೆ ಉಂಟು. ಅದನ್ನು ತೋರಿಸುವುದು ಟಾರ್ಕ್ ವ್ರೆಂಚ್, ತೋಳಿನ ಬಲವಲ್ಲ.

ಇವೆರಡರ ನಡುವೆ ಇರುವುದು ದೀಪ. ಹೆಚ್ಚು ಜನ ಎಡವುವುದೂ ಇಲ್ಲೇ. ಅನೇಕ ಬೈಕುಗಳ ಹೆಡ್‌ಲೈಟ್ ಬಲ್ಬು 35 ವ್ಯಾಟಿನದು. 12 ವೋಲ್ಟಿನಲ್ಲಿ ಅದು ಎಳೆಯುವ ವಿದ್ಯುತ್ ಸುಮಾರು 3 ಆಂಪಿಯರ್. ಅದೇ ಹೋಲ್ಡರಿಗೆ 100 ವ್ಯಾಟಿನ ಬಲ್ಬು ತುರುಕಿದರೆ 8 ಆಂಪಿಯರ್ ದಾಟುತ್ತದೆ. ತಂತಿ ಮಾತ್ರ ಹಳೆಯದೇ! ಅದರಲ್ಲಿ ಹುಟ್ಟುವ ಶಾಖ ಎಂಟು ಪಟ್ಟಾಗುತ್ತದೆ. ಹೋಲ್ಡರ್ ಕರಗಿ, ಸ್ವಿಚ್ ಸುಟ್ಟು, ಬೆಳಕು ಬೇಕೆಂದವನು ಕತ್ತಲಲ್ಲಿ ನಿಲ್ಲುತ್ತಾನೆ. ಮೂಗಿಗಿಂತ ಮೂಗುತಿ ಭಾರವಾದರೆ ಆಗುವುದು ಇದೇ. ಹೆಚ್ಚುವರಿ ದೀಪ ಬೇಕಾದರೆ ಬ್ಯಾಟರಿಯಿಂದ ಪ್ರತ್ಯೇಕ ತಂತಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್, ನಡುವೆ ರಿಲೇ ಇರಲೇಬೇಕು. ಮಂಜಿನಲ್ಲಂತೂ ಪ್ರಖರ ಹೈಬೀಮ್ ಕಣ್ಣಿಗೇ ಮರಳಿ ಹೊಡೆಯುತ್ತದೆ. ಅಲ್ಲಿ ನೆರವಾಗುವುದು ಕೆಳಗೆ ಕೂರಿಸಿ, ನೆಲದತ್ತ ಬಾಗಿಸಿದ ದೀಪ.

ಸ್ಪ್ರಾಕೆಟ್ ಕೂಡ ನಡುವಿನದೇ. ಮುಂದಿನ 15 ಹಲ್ಲಿನದರ ಬದಲು 14 ಹಲ್ಲಿನದು ಹಾಕಿದರೆ ಅದೇ ವೇಗಕ್ಕೆ ಎಂಜಿನ್ ಶೇಕಡ 7ರಷ್ಟು ಹೆಚ್ಚು ತಿರುಗುತ್ತದೆ. ಏರಿನಲ್ಲಿ ಎಳೆತ ಸಿಗುತ್ತದೆ, ಪೆಟ್ರೋಲಿನಲ್ಲಿ ಅದರ ಬೆಲೆ ತೆರಬೇಕು. ಚೈನಿನ ಲಾಕ್ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಚಲಿಸುವ ದಿಕ್ಕಿಗೇ ಇರಬೇಕು. ತಿರುವು ಮುರುವಾದರೆ ಕ್ಲಿಪ್ ಕಳಚಿ, ಬಿಚ್ಚಿದ ಚೈನು ಹಿಂದಿನ ಚಕ್ರವನ್ನೇ ಹಿಡಿದು ನಿಲ್ಲಿಸಬಹುದು.

ಇನ್ನು ಯಾರೇ ಮಾಡಲಿ, ಮಾಡಬಾರದ ಕೆಲಸಗಳೂ ಇವೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅಕ್ರಮ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಅಂಗಡಿಯವನೇ ಹಾಕಿದ್ದು ಎಂದರೆ ಮಾಲೀಕ ಪಾರಾಗುವುದಿಲ್ಲ. ಅಬ್ಬರದ ಸೈಲೆನ್ಸರಿನ ಗೀಳು ಇರುವವರು ಇದನ್ನು ನೆನಪಿಡಬೇಕು. ಅಂದಕ್ಕೆ ಅಡ್ಡಿಯೆಂದು ಸೀರೆ ಗಾರ್ಡ್ ಕಿತ್ತುಹಾಕುವವರೂ ಇದ್ದಾರೆ. ಹಿಂಬದಿ ಕುಳಿತವರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ರಕ್ಷಣೆ ಇರಬೇಕೆಂಬುದು ಕೇಂದ್ರ ಮೋಟಾರು ವಾಹನ ನಿಯಮ. ಅದು ಅಲಂಕಾರದ ವಸ್ತುವಲ್ಲ.

ಕೂಲಿ ಕೊಟ್ಟ ಮಾತ್ರಕ್ಕೆ ಸವಾರನ ಹೊಣೆ ತೀರಿತೆನ್ನುವಂತಿಲ್ಲ. ಅಂಗಡಿಯಲ್ಲೂ ಅವಸರದ ಕೈಗಳಿರುತ್ತವೆ. ಮೆಕ್ಯಾನಿಕ್ಕಿನ ಪಕ್ಕ ನಿಂತು ಯಾವ ನಟ್ಟು ಯಾವುದಕ್ಕೆ, ಫ್ಯೂಸ್ ಎಲ್ಲಿದೆ, ತಂತಿ ಯಾವ ದಾರಿಯಲ್ಲಿ ಹೋಯಿತು ಎಂದು ನೋಡಿಕೊಂಡವನಿಗೆ ಕೊಟ್ಟ ಹಣದಲ್ಲಿ ಕೆಲಸದ ಜೊತೆ ವಿದ್ಯೆಯೂ ದಕ್ಕುತ್ತದೆ. ಮಳೆಯಲ್ಲಿ, ಊರು ದೂರವಿರುವಾಗ ದೀಪ ಆರಿದರೆ ಅಂಗಡಿಯವನು ಬರುವುದಿಲ್ಲ. ಫ್ಯೂಸ್ ಇರುವ ಜಾಗ ಬಲ್ಲವನೇ ಮನೆ ಮುಟ್ಟುತ್ತಾನೆ.

ಕೊನೆಗೆ ತೂಗಬೇಕಾದದ್ದು ಹಿಂದಿನ ಸೀಟನ್ನು. ಶಾಲೆಯಿಂದ ಮರಳುವ ಮಗು, ಆಸ್ಪತ್ರೆಗೆ ಹೊರಟ ತಾಯಿ ಅಲ್ಲಿ ಕೂರುತ್ತಾರೆ. ಬ್ರೇಕಿನ ಬೋಲ್ಟು ಬಿಗಿದವರಾರೆಂದು ಅವರು ಕೇಳುವುದಿಲ್ಲ, ನಂಬಿ ಕೂರುತ್ತಾರೆ. ತಾನು ಮಾಡಿದ ಕೆಲಸದ ಮೇಲೆ ಅವರನ್ನು ಕೂರಿಸಿ ಘಾಟಿ ಇಳಿಯಲು ಮನಸ್ಸು ಒಪ್ಪಿದರೆ ಸ್ಪ್ಯಾನರ್ ಹಿಡಿಯಬಹುದು. ಮನಸ್ಸು ಹಿಂಜರಿದರೆ ಸಕಲೇಶಪುರದ ದಾರಿ ಎಷ್ಟೇ ದೂರವಿರಲಿ, ಹೋಗಿಬರುವುದೇ ವಾಸಿ.