ಧೂಮಪಾನವೂ ಹೃದಯವೂ

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯಲ್ಲಿ ಬೀಡಿಯನ್ನು ಬಿಡಿರೆಂದು ಹಿರಿಯರಿಗೆ ಹೇಳಹೋದರೆ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಸ್ವಲ್ಪ ಓದಿದವರು, “ಧೂಮಪಾನವನ್ನು ಚರಕಾಚಾರ್ಯರೇ ವಿಧಿಸಿಲ್ಲವೇ?” ಎನ್ನುವರು. ಉಳಿದವರು, “ನನಗೆ ಕೆಮ್ಮಿಲ್ಲ, ದಮ್ಮಿಲ್ಲ, ದಿನಕ್ಕೆ ಎರಡೋ ಮೂರೋ ಸೇದಿದರೆ ಏನಾಯಿತು?” ಎನ್ನುವರು. ಈ ಎರಡು ಮಾತುಗಳ ಆಸರೆಯಲ್ಲಿ ಎಷ್ಟೋ ಮನೆಗಳ ಯಜಮಾನರು ಹೃದಯಾಘಾತವನ್ನು ಬಾಗಿಲಿಗೆ ಕರೆದುಕೊಳ್ಳುತ್ತಿರುವದರಿಂದ, ಈ ತಿಂಗಳು ಅವುಗಳನ್ನೇ ವಾಚಕರೊಡನೆ ವಿಚಾರಿಸುವೆನು.

ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ಧೂಮಪಾನದ ವಿಧಿ ಇರುವದು ನಿಜ. ಆದರೆ ಅಲ್ಲಿಯ ಧೂಮವು ಚಂದನ, ಏಲಕ್ಕಿ, ಲಾವಂಚ ಮೊದಲಾದ ದ್ರವ್ಯಗಳನ್ನು ಅರೆದು, ಕಡ್ಡಿಗೆ ಲೇಪಿಸಿ ಒಣಗಿಸಿದ ಬತ್ತಿಯದು. ಅದಕ್ಕೆ ಕಾಲನಿಯಮವುಂಟು, ಮಿತಿಯುಂಟು, ಸೇವಿಸಬಾರದವರ ಪಟ್ಟಿಯೂ ಉಂಟು. ಅಕಾಲದಲ್ಲಿಯೂ ಅತಿಯಾಗಿಯೂ ಸೇವಿಸಿದರೆ ಕಿವುಡು, ಕುರುಡು, ತಲೆಸುತ್ತು, ರಕ್ತಪಿತ್ತಗಳು ಬರುವವೆಂದು ಆಚಾರ್ಯರು ಎಚ್ಚರಿಸಿದ್ದಾರೆ. ಹೊಗೆಸೊಪ್ಪಿನ ಹೆಸರು ಅಲ್ಲೆಲ್ಲಿಯೂ ಇಲ್ಲ. ಇರುವದಕ್ಕೆ ಸಾಧ್ಯವೂ ಇಲ್ಲ. ಆ ಗಿಡವು ಅಮೆರಿಕಾ ಖಂಡದಿಂದ ಪೋರ್ತುಗೀಜರ ಕಾಲದಲ್ಲಿ ನಮ್ಮಲ್ಲಿಗೆ ಬಂದುದು. 1604ರ ಸುಮಾರಿಗೆ ಅಕ್ಬರನ ಅಧಿಕಾರಿಯಾದ ಅಸದ್ ಬೇಗನು ಬಿಜಾಪುರದಲ್ಲಿ ಇದನ್ನು ಕಂಡು ಬಾದಶಹನಿಗೆ ಒಯ್ದೊಪ್ಪಿಸಿದನು. ವೈದ್ಯರು ಏನೂ ಬರೆದಿಡದ, ಪರೀಕ್ಷೆಗೊಳಪಡದ ವಸ್ತುವಿದು ಎಂದು ಆಸ್ಥಾನದ ವೈದ್ಯನು ಅಡ್ಡಿಪಡಿಸಿದ ಸಂಗತಿಯನ್ನು ಬೇಗನೇ ಬರೆದಿಟ್ಟಿದ್ದಾನೆ. ಚರಕರ ಹೆಸರು ಹೇಳಿ ಬೀಡಿ ಹಚ್ಚುವದು ಶಾಸ್ತ್ರಕ್ಕೆ ಮಾಡುವ ಅಪಚಾರವು.

ಇನ್ನು ಎರಡನೆಯ ಉತ್ತರ. ಹೃದಯವು ಶರೀರಕ್ಕೆಲ್ಲ ರಕ್ತವನ್ನು ಹಂಚುವದಾದರೂ ತನ್ನ ಸ್ನಾಯುವಿಗೆ ಬೇಕಾದುದನ್ನು ತನ್ನ ಮೇಲೆ ಹಬ್ಬಿರುವ ಸಣ್ಣ ಧಮನಿಗಳಿಂದಲೇ ಪಡೆಯಬೇಕು. ಹೊಗೆಯ ವಿಷವು ಈ ಧಮನಿಗಳ ಒಳಪದರನ್ನು ಕೆಡಿಸಿ ಕೊಬ್ಬು ಕಟ್ಟಲು ಎಡೆಗೊಡುವದು. ರಕ್ತವು ಬೇಗನೆ ಹೆಪ್ಪುಗಟ್ಟುವಂತೆ ಮಾಡುವದು. ನಿಕೋಟಿನ್ ನಾಡಿಯನ್ನೂ ರಕ್ತದೊತ್ತಡವನ್ನೂ ಏರಿಸಿ ಹೃದಯಕ್ಕೆ ಹೆಚ್ಚು ದುಡಿಮೆಯನ್ನು ಹೇರಿದರೆ, ಹೊಗೆಯೊಳಗಿನ ಕಾರ್ಬನ್ ಮಾನಾಕ್ಸೈಡು ರಕ್ತದಲ್ಲಿ ಪ್ರಾಣವಾಯುವಿನ ಸ್ಥಾನವನ್ನು ಕಸಿದುಕೊಳ್ಳುವದು. ದುಡಿಮೆ ಹೆಚ್ಚು, ಕೂಲಿ ಕಡಿಮೆ! ಇದೆಲ್ಲ ನಡೆಯುವಾಗ ಕೆಮ್ಮು ಬರಲೇಬೇಕೆಂಬ ನಿಯಮವಿಲ್ಲ. ಹೆಪ್ಪುಗಟ್ಟಿದ ರಕ್ತವು ಒಂದು ಧಮನಿಯನ್ನು ಮುಚ್ಚಿದ ದಿನವೇ ಎಷ್ಟೋ ಮನೆಗಳಲ್ಲಿ ಸಂಗತಿಯು ತಿಳಿಯುವದು.

ಬೆಂಗಳೂರಿನ ವೈದ್ಯರು ಮೊದಲ ಬಾರಿ ಹೃದಯಾಘಾತವಾದ 200 ಜನರನ್ನು ಸಮವಯಸ್ಕರಾದ ಬೇರೆ 200 ಜನರೊಡನೆ ಹೋಲಿಸಿ, ಫಲವನ್ನು 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೀಡಿ ಅಥವಾ ಸಿಗರೇಟು ಸೇದುವವರಲ್ಲಿ ಅಪಾಯವು ಸುಮಾರು ಮೂರೂವರೆ ಪಟ್ಟು. ದಿನಕ್ಕೆ ಹತ್ತನ್ನು ಮುಟ್ಟಿದವರಲ್ಲಿ ಆರು ಪಟ್ಟಿಗೂ ಮಿಕ್ಕಿದುದು. ಬೀಡಿಯಲ್ಲಿ ಸೊಪ್ಪು ಕಡಿಮೆಯೆಂಬ ಸಮಾಧಾನವೂ ಸಲ್ಲದು; ಅದರ ಎಲೆ ಬೇಗನೆ ಆರಿಹೋಗುವದರಿಂದ ಸೇದುವವನು ಮೇಲಿಂದಮೇಲೆ ಜೋರಾಗಿ ಎಳೆಯಬೇಕಾಗುವದು. ಎರಡು ಮೂರು ಮಾತ್ರ ಸೇದುವವರು ಇದನ್ನು ಕೇಳಬೇಕು: ದಿನಕ್ಕೆ ಇಪ್ಪತ್ತು ಸಿಗರೇಟು ಸೇದುವವನು ತಂದುಕೊಳ್ಳುವ ಹೆಚ್ಚುವರಿ ಹೃದ್ರೋಗಭಯದಲ್ಲಿ ಸುಮಾರು ಅರ್ಧದಷ್ಟು, ಒಂದನ್ನೇ ಸೇದುವವನಿಗೂ ಇರುವದೆಂದು 2018ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿದೆ. ಕವಳದೊಡನೆ ಹೊಗೆಸೊಪ್ಪನ್ನು ಜಗಿಯುವವರೂ ನಿಶ್ಚಿಂತರಲ್ಲ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಅಂಥವರಿಗೂ ಅಪಾಯವು ಇಮ್ಮಡಿಗಿಂತ ಹೆಚ್ಚೆಂದು ಕಂಡುಬಂದಿತು.

ನಮ್ಮ ಮೂರು ತಾಲೂಕುಗಳವರಿಗೆ ಈ ಎಚ್ಚರವು ಇನ್ನೊಂದು ಕಾರಣದಿಂದ ಅಗತ್ಯವಾದುದು. ಮುಚ್ಚಿದ ಧಮನಿಯನ್ನು ತೆರೆಯುವ ಚಿಕಿತ್ಸೆಯಲ್ಲಿ ನಿಮಿಷ ನಿಮಿಷವೂ ಬೆಲೆಯುಳ್ಳದ್ದು. ಮಣಿಪಾಲವಾದರೋ ಭಟ್ಕಳದಿಂದ ಸುಮಾರು 90, ಕುಮಟಾದಿಂದ ಸುಮಾರು 150 ಕಿಲೋಮೀಟರು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯೊಬ್ಬರನ್ನು ದಕ್ಷಿಣಕ್ಕೆ ಒಯ್ಯುತ್ತಿದ್ದ ಆಂಬುಲೆನ್ಸು ಶಿರೂರಿನ ಟೋಲ್ ನಾಕೆಯಲ್ಲಿ ಉರುಳಿ ನಾಲ್ವರು ಮಡಿದುದನ್ನು ಈ ಸೀಮೆಯವರು ಮರೆತಿಲ್ಲ. ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಅಂದು ಬಲವಾಗಿ ಎದ್ದಿತು. ಆಸ್ಪತ್ರೆ ಕಟ್ಟುವದು ಸರಕಾರದ ಕೈಯಲ್ಲಿರುವದು. ಬೀಡಿ ಬಿಡುವದು ನಮ್ಮ ಕೈಯಲ್ಲಿಯೇ ಇರುವದು.

ಬಿಟ್ಟವನಿಗೆ ಹೃದಯವು ಬೇಗನೆ ಪ್ರತಿಫಲ ಕೊಡುವದು. ಒಂದೆರಡು ದಿನಗಳಲ್ಲಿ ಕಾರ್ಬನ್ ಮಾನಾಕ್ಸೈಡು ರಕ್ತದಿಂದ ಹೊರಟುಹೋಗುವದು. ಒಂದು ವರ್ಷದಲ್ಲಿ ಹೆಚ್ಚುವರಿ ಅಪಾಯವು ಸುಮಾರು ಅರ್ಧಕ್ಕೆ ಇಳಿಯುವದು. ಹದಿನೈದು ವರ್ಷಗಳಲ್ಲಿ ಎಂದೂ ಸೇದದವನ ಮಟ್ಟಕ್ಕೆ ಸಮೀಪಿಸುವದು. ಅರುವತ್ತು ದಾಟಿದವರಿಗೂ ಬಿಡುವದರಿಂದ ಲಾಭವುಂಟು.

ಗೃಹಿಣಿಯರಲ್ಲಿ ಎರಡು ಮಾತು. ಬಿಟ್ಟ ಮೊದಲ ವಾರಗಳಲ್ಲಿ ಯಜಮಾನರು ಸಿಡುಕುವರು, ನಿದ್ದೆಗೆಡುವರು. ಅದು ವಿಷವಿಳಿಯುವ ಕಾಲವೆಂದು ತಿಳಿದು ಹಂಗಿಸದೆ ಸಹಿಸಿರಿ. ಬೀಡಿ ತರಲು ಮಕ್ಕಳನ್ನು ಅಂಗಡಿಗೆ ಅಟ್ಟಬೇಡಿರಿ. ಮನೆಯೊಳಗಿನ ಹೊಗೆಯು ಸೇದದವರ ಹೃದಯಕ್ಕೂ ಕೇಡು ಮಾಡುವದು. ಬಿಡಲು ನೆರವು ಬೇಕಾದವರಿಗೆ 1800-11-2356 ಎಂಬ ಸರಕಾರದ ದೂರವಾಣಿಯಲ್ಲಿ ಧರ್ಮಾರ್ಥವಾಗಿ ಸಲಹೆ ದೊರೆಯುವದು. ಎದೆಯಲ್ಲಿ ಭಾರ, ಎಡತೋಳಿಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು ಕಂಡರೆ ವಾಯುವೆಂದು ಕಷಾಯ ಕಾಸುತ್ತ ಕೂಡದೆ 108ಕ್ಕೆ ಕರೆಮಾಡಿರಿ.

ಇಂದು ಸಂಜೆ ಯಜಮಾನರು ಜಗಲಿಯಲ್ಲಿ ಕುಳಿತಿರುವಾಗ ಈ ಪುಟವನ್ನು ಅವರಿಗೆ ಓದಿ ಹೇಳಿರಿ. ಬೆಂಕಿಪೆಟ್ಟಿಗೆಯನ್ನು ಅಡಿಗೆಮನೆಯಲ್ಲಿಯೇ ಇಟ್ಟುಕೊಳ್ಳಿರಿ.