ನೂಲಿನಂತೆಯೇ ಸೀರೆಯೇ?

"ನೂಲಿನಂತೆ ಸೀರೆ, ತಾಯಿಯಂತೆ ಮಗಳು." ಸಂಬಂಧ ಕುದುರಿಸುವ ಮಾತು ಬಂದಾಗಲೆಲ್ಲ ಹಿರಿಯರು ಈ ಗಾದೆಯನ್ನು ನೆನೆಯುತ್ತಾರೆ. ಹುಡುಗಿ ಗುಣವಂತೆ, ಓದಿದವಳು. ಆದರೆ ಅಪ್ಪ ಕುಡುಕನೆಂದು ತಿಳಿದೊಡನೆ ಮಾತುಕತೆ ನಿಂತುಹೋಗುವುದುಂಟು. ಈ ಅಂಜಿಕೆಯಲ್ಲಿ ವಿಜ್ಞಾನದ ಪಾಲೆಷ್ಟು?

ಇದೇ ಪ್ರಶ್ನೆಯನ್ನು ಒಂದು ಜರ್ಮನ್ ನಾಟಕ 1889ರಲ್ಲೇ ರಂಗದ ಮೇಲೆ ತಂದಿತ್ತು. ಅದು ಗೆರ್ಹಾರ್ಟ್ ಹಾಪ್ಟ್‌ಮನ್‌ರ 'ಸೂರ್ಯೋದಯಕ್ಕೆ ಮುನ್ನ'. ಬರ್ಲಿನ್ನಿನಲ್ಲಿ ಅಕ್ಟೋಬರ್ 20ರಂದು ಅದರ ಮೊದಲ ಪ್ರದರ್ಶನವಾದಾಗ ಸಭಾಂಗಣದಲ್ಲಿ ದೊಡ್ಡ ಗದ್ದಲವೇ ಎದ್ದಿತು. ನಾಟಕಕಾರರಿಗೆ ಆಗಿನ್ನೂ 26 ವರ್ಷ. 1912ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಕಥೆ ನಡೆಯುವುದು ಸೈಲೀಸಿಯಾದ ಒಂದು ಹಳ್ಳಿಯಲ್ಲಿ. ಹೊಲಗಳ ಅಡಿಯಲ್ಲಿ ಕಲ್ಲಿದ್ದಲು ಸಿಕ್ಕಿ ರೈತರು ಏಕಾಏಕಿ ಶ್ರೀಮಂತರಾಗಿದ್ದಾರೆ. ಕೆ.ಆರ್. ಪುರದ ಆಸುಪಾಸಿನಲ್ಲಿ ರಾಗಿ ಬೆಳೆಯುತ್ತಿದ್ದ ನೆಲಕ್ಕೆ ಸೈಟಿನ ಬೆಲೆ ಬಂದುದನ್ನು ಕಂಡವರಿಗೆ ಆ ಹಳ್ಳಿ ಅಪರಿಚಿತವೆನಿಸದು. ಹಣದ ಬೆನ್ನಿಗೇ ಕುಡಿತವೂ ಆ ಮನೆಗಳನ್ನು ಹೊಕ್ಕಿದೆ. ಕುಡುಕ ರೈತನ ಮಗಳು ಹೆಲೇನೆ. ಮಲತಾಯಿ ಅವಳನ್ನು ತನ್ನ ಸಂಬಂಧಿಕರ ಹುಡುಗನಿಗೆ ಕಟ್ಟಲು ನೋಡುತ್ತಿದ್ದಾಳೆ. ಗಣಿ ಕಾರ್ಮಿಕರ ಸ್ಥಿತಿಗತಿ ತಿಳಿಯಲು ಬಂದ ಆಲ್ಫ್ರೆಡ್ ಲೋಟ್ ಎಂಬ ಯುವಕ ಅವಳನ್ನು ಪ್ರೀತಿಸುತ್ತಾನೆ. ಮದ್ಯ ಮುಟ್ಟದ ಆದರ್ಶವಾದಿ ಅವನು. ಕುಡಿತ ಆ ಮನೆತನಕ್ಕೇ ಅಂಟಿದೆಯೆಂದು ವೈದ್ಯಮಿತ್ರ ತಿಳಿಸಿದ್ದೇ ತಡ, ಒಂದು ಪತ್ರ ಬರೆದಿಟ್ಟು ಹೊರಟುಬಿಡುತ್ತಾನೆ. ಅವಳನ್ನು ಒಂದು ಮಾತೂ ಕೇಳುವುದಿಲ್ಲ. ಹೆಲೇನೆ ಪ್ರಾಣ ಕಳೆದುಕೊಳ್ಳುತ್ತಾಳೆ.

ಆಲ್ಫ್ರೆಡ್ ನಂಬಿದ್ದು ಅಂದಿನ ಅರೆಬರೆ ವಿಜ್ಞಾನವನ್ನು. ಮೆಂಡಲ್ ಬಟಾಣಿ ಗಿಡಗಳ ಪ್ರಯೋಗವನ್ನು 1866ರಲ್ಲೇ ಪ್ರಕಟಿಸಿದ್ದರೂ ಲೋಕ ಅದನ್ನು ಗಮನಿಸಿದ್ದು 1900ರಲ್ಲಿ. ಬಟಾಣಿ ಗಿಡದ ಎತ್ತರ ಒಂದು ಜೊತೆ ಅಂಶಗಳಿಂದ ನಿರ್ಧಾರವಾಗಬಹುದು. ಕುಡಿತದ ಚಟ ಹಾಗಲ್ಲ. ಅದರಲ್ಲಿ ಅನೇಕ ವಂಶವಾಹಿಗಳ ಸಣ್ಣ ಸಣ್ಣ ಪಾಲಿದೆ. ಅವಳಿಗಳ ಮತ್ತು ದತ್ತು ಮಕ್ಕಳ ಅಧ್ಯಯನಗಳ ಪ್ರಕಾರ, ಈ ಚಟಕ್ಕೆ ಬೀಳುವ ಸಂಭವದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸಕ್ಕೆ ಸುಮಾರು ಅರ್ಧದಷ್ಟು ಕಾರಣ ಅನುವಂಶೀಯತೆ. ಉಳಿದದ್ದು ಮನೆಯ ವಾತಾವರಣ, ಸಹವಾಸ, ಕುಡಿತ ಶುರುವಾದ ವಯಸ್ಸು ಇತ್ಯಾದಿ. ಕುಡುಕರ ಮಕ್ಕಳಿಗೆ ಅಪಾಯ ಹೆಚ್ಚು, ನಿಜ. ಆದರೂ ಅವರಲ್ಲಿ ಹೆಚ್ಚಿನವರು ಕುಡುಕರಾಗುವುದಿಲ್ಲ.

ಅರೆಬರೆ ವಿಜ್ಞಾನ ಕಾನೂನಾದರೆ ಏನಾಗುತ್ತದೆ ಎಂಬುದನ್ನೂ ಜರ್ಮನಿಯೇ ತೋರಿಸಿತು. 1933ರ ನಾಜಿ ಕಾಯಿದೆ ಹಲವು ಕಾಯಿಲೆಗಳನ್ನು ವಂಶಪಾರಂಪರ್ಯದವೆಂದು ಸಾರಿ, ವಿಪರೀತ ಕುಡಿತವನ್ನೂ ಆ ಪಟ್ಟಿಗೆ ಸೇರಿಸಿತು. ಸುಮಾರು 4 ಲಕ್ಷ ಜನರಿಗೆ ಬಲವಂತದ ಸಂತಾನಹರಣ ಚಿಕಿತ್ಸೆಯಾಯಿತು.

ಇಂದಿರಾನಗರದ ಸಿ.ಎಂ.ಎಚ್. ರಸ್ತೆಯ ಗೋಥೆ ಸಂಸ್ಥೆಯಲ್ಲಿ ಜರ್ಮನ್ ಕಲಿಯುವ ವಿದ್ಯಾರ್ಥಿಗಳು ಮುಂದೊಂದು ದಿನ ಈ ನಾಟಕವನ್ನು ಮೂಲದಲ್ಲೇ ಓದಬಹುದು. ಉಳಿದವರಿಗೂ ಇದರಲ್ಲಿ ಪಾಠವಿದೆ. ಹೆತ್ತವರು ಮನೆತನ ವಿಚಾರಿಸುವುದು ತಪ್ಪಲ್ಲ. ಆದರೆ ಅಪ್ಪನ ಚಟಕ್ಕೆ ಮಗಳನ್ನು ಅಪರಾಧಿಯಾಗಿಸುವುದು ತಪ್ಪು. ಕುಡಿತದ ಮನೆಯಲ್ಲಿ ಬೆಳೆಯುವ ಮಕ್ಕಳು ಇದನ್ನು ಹಣೆಬರಹವೆಂದು ತಿಳಿಯಬೇಕಿಲ್ಲ. ಅಪಾಯ ತಮಗೆ ಹೆಚ್ಚೆಂದು ಅರಿತು ಮೊದಲ ಗುಟುಕನ್ನೇ ದೂರವಿಟ್ಟರೆ ಸಾಕು. ಚಟಕ್ಕೆ ಬಿದ್ದ ಹಿರಿಯರಿಗೂ ಚಿಕಿತ್ಸೆಯಿದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ ವಿಭಾಗವಿದೆ. ಮನೆಯ ಮರ್ಯಾದೆ ಹೋದೀತೆಂದು ಮುಚ್ಚಿಡುವುದಕ್ಕಿಂತ ಅಲ್ಲಿಗೆ ಕರೆದೊಯ್ಯುವುದು ಲೇಸು.