ಕಕ್ಕಡದ ಮಳೆಯಲ್ಲಿ ಬಾಣಂತಿಯ ಒಳಉಡುಪು

ಮುಂಗಾರಿಗೆ ಮುಂಚೆ ಕೊಡಗಿನ ಮನೆಗಳು ಮಳೆಗಾಲಕ್ಕೆ ಬೇಕಾದದ್ದನ್ನೆಲ್ಲ ಕೂಡಿಡುತ್ತವೆ. ಸೌದೆ ಕೊಟ್ಟಿಗೆ ಸೇರುತ್ತದೆ, ಒಣಮೀನು ಡಬ್ಬಿ ಸೇರುತ್ತದೆ. ಮನೆಯಲ್ಲಿ ಬಸುರಿಯೋ ಬಾಣಂತಿಯೋ ಇದ್ದರೆ ಇದೇ ಪಟ್ಟಿಯಲ್ಲಿ ಅವಳ ಒಳಉಡುಪೂ ಇರಬೇಕು. ಬದಲಾದ ಮೈಗೆ ಹೊಂದುವಂಥದ್ದು, ಹತ್ತಿಯದ್ದು, ಒಗೆದದ್ದು ಒಣಗುವವರೆಗೆ ಸಾಲುವಷ್ಟು. ಅದು ಅವಳೊಬ್ಬಳ ಗುಟ್ಟಿನ ಖರೀದಿಯಲ್ಲ, ಮನೆಯ ಖರ್ಚು.

ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಭಾಗಮಂಡಲದಲ್ಲಿ ಅದಕ್ಕಿಂತಲೂ ಬಹಳ ಹೆಚ್ಚು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಜುಲೈ ನಡುವಿನಲ್ಲಿ ಶುರುವಾಗುವ ಕಕ್ಕಡ ಮಾಸದಲ್ಲಿ ಒಗೆದ ಬಟ್ಟೆ ದಿನಗಟ್ಟಲೆ ಹಸಿಯಾಗಿರುತ್ತದೆ, ಪೆಟ್ಟಿಗೆಯಲ್ಲಿ ಮಡಿಸಿಟ್ಟದ್ದಕ್ಕೂ ಬೂಷ್ಟು ಹಿಡಿಯುತ್ತದೆ. ಬಸುರಿಯ ಮೈ ಬೇಗ ಬೆವರುತ್ತದೆ, ಬಿಳಿಸೆರಗು ಹೆಚ್ಚುತ್ತದೆ. ಹಾರ್ಮೋನುಗಳ ಏರಿಕೆಯಿಂದ ಯೋನಿಯ ಕ್ಯಾಂಡಿಡಾ ಶಿಲೀಂಧ್ರದ ಸೋಂಕು ಆಗ ಬೇರೆ ದಿನಗಳಿಗಿಂತ ಸುಲಭವಾಗಿ ತಗಲುತ್ತದೆ. ಗಾಳಿಯಾಡದ ನೈಲಾನ್, ಅರೆಒಣಗಿದ ಎಲಾಸ್ಟಿಕ್ ಎರಡೂ ಆ ತೇವವನ್ನು ಮೈಗೆ ಅಂಟಿಸಿ ಹಿಡಿಯುತ್ತವೆ. ಇದಕ್ಕೆ ಸಂಕೋಚವೂ ಸೇರುತ್ತದೆ. ಉಳಿದ ಬಟ್ಟೆಯೆಲ್ಲ ಒಲೆಯ ಬಿಸಿ ತಾಗುವ ಹಗ್ಗದ ಮೇಲಿದ್ದರೆ ಒಳಉಡುಪು ಮಾತ್ರ ಟವೆಲಿನ ಅಡಿಯಲ್ಲೋ ಬಚ್ಚಲಿನ ಮೂಲೆಯಲ್ಲೋ ಇರುತ್ತದೆ. ಎಲ್ಲಕ್ಕಿಂತ ಮೊದಲು ಒಣಗಬೇಕಾದದ್ದು ಕೊನೆಗೆ ಒಣಗುತ್ತದೆ, ಎಷ್ಟೋ ಸಲ ಒಣಗುವ ಮೊದಲೇ ಮೈಮೇಲೆ ಬರುತ್ತದೆ.

ಬ್ರಾದ ವಿಷಯದಲ್ಲಿ ತೊಂದರೆ ಅಳತೆಯದು. ಬಸುರಿನ ಮೊದಲ ತಿಂಗಳುಗಳಲ್ಲೇ ಎದೆ ತುಂಬಿಕೊಳ್ಳತೊಡಗುತ್ತದೆ, ಮಗು ಬೆಳೆದಂತೆ ಪಕ್ಕೆಲುಬಿನ ಗೂಡೂ ಅಗಲವಾಗುತ್ತದೆ, ಹೆರಿಗೆಯಾಗಿ ಹಾಲಿಳಿದಾಗ ಅಳತೆ ಮತ್ತೆ ಬದಲಾಗುತ್ತದೆ. ಆದರೂ ಅಂಗಡಿಯಲ್ಲಿ ಮದುವೆಗೆ ಮುಂಚಿನ ನಂಬರನ್ನೇ ಮೆಲುದನಿಯಲ್ಲಿ ಹೇಳಿ, ಕಾಗದದಲ್ಲಿ ಸುತ್ತಿಸಿಕೊಂಡು ಬರುವುದು ರೂಢಿ. ಬಿಗಿಯಾದ ಬ್ರಾದಿಂದಲೇ ಹಾಲು ಕಟ್ಟಿಕೊಳ್ಳುತ್ತದೆ, ಎದೆಬಾವು ಬರುತ್ತದೆ ಎಂದು ಖಡಾಖಂಡಿತವಾಗಿ ಹೇಳುವಷ್ಟು ಪುರಾವೆಯಿಲ್ಲ. ಅದಕ್ಕೆ ಕಾರಣಗಳು ಹಲವು. ಆದರೆ ಹಾಲು ತುಂಬಿದ ಎದೆಯನ್ನು ಒಂದೇ ಕಡೆ ಒತ್ತುವ ತಂತಿ, ಪಟ್ಟಿಗಳು ಬೇಡ ಎಂದು ವೈದ್ಯರು ಎಚ್ಚರಿಸುತ್ತಾರೆ. ಪಟ್ಟಿಯಡಿ ಎರಡು ಬೆರಳು ಸಲೀಸಾಗಿ ಹೋಗಬೇಕು, ಬಿಚ್ಚಿದಾಗ ಕೆಂಪು ಗೆರೆ ಉಳಿದಿರಬಾರದು. ಸೋರಿದ ಹಾಲಿನಿಂದ ಒದ್ದೆಯಾದರೆ ಕೂಡಲೇ ಬದಲಿಸಬೇಕು. ಸಿಸೇರಿಯನ್ ಆದವರಿಗೆ ಗಾಯದ ಮೇಲೆ ಎಲಾಸ್ಟಿಕ್ ಕೂರದ, ಸೊಂಟದವರೆಗೆ ಬರುವ ಚಡ್ಡಿಯೇ ಹಿತ.

ನಮ್ಮ ಅಜ್ಜಿಯರು ಇದೇನೂ ಇಲ್ಲದೆ ಹತ್ತು ಹೆತ್ತರಲ್ಲ ಎಂಬ ಮಾತು ಬರುತ್ತದೆ. ಹೆತ್ತರು, ನಿಜ. ಅವರ ಕಾಲದಲ್ಲಿ ಒತ್ತುವ ಎಲಾಸ್ಟಿಕ್ಕಾಗಲಿ ಬೆವರು ಹೀರದ ನೈಲಾನಾಗಲಿ ಇರಲಿಲ್ಲ, ಉಟ್ಟದ್ದು ಸಡಿಲ ಹತ್ತಿ. ಅವರಿಗಾದ ಉರಿ, ತುರಿಕೆಯನ್ನು ಕೇಳಿ ಬರೆದಿಟ್ಟವರೂ ಇರಲಿಲ್ಲ. ಕೆಲವೇ ತಿಂಗಳಿಗೆ ಇಷ್ಟು ಖರ್ಚೇಕೆ ಎಂಬ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. ಲೈನ್‌ಮನೆಯಲ್ಲಿರುವ ತೋಟದ ಕಾರ್ಮಿಕ ಮಹಿಳೆಗೆ ಅದು ದಿನದ ಕೂಲಿಯ ಲೆಕ್ಕ. ಆದರೆ ಆ ಕೆಲವು ತಿಂಗಳು ಎನ್ನುವುದು ನಿಜವಲ್ಲ. ಆರು ತಿಂಗಳು ಎದೆಹಾಲು ಮಾತ್ರ, ಆಮೇಲೆ ಬೇರೆ ಆಹಾರದ ಜೊತೆ ಎರಡು ವರ್ಷ ಅಥವಾ ಇನ್ನೂ ಮುಂದಕ್ಕೆ ಹಾಲೂಡಿಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಸುರಿನ ದಿನಗಳನ್ನೂ ಸೇರಿಸಿದರೆ ಎರಡು ಮಳೆಗಾಲವಂತೂ ಕಳೆಯುತ್ತದೆ. ಬಡ ತಾಯಂದಿರಿಗೆಂದು 2007ರಲ್ಲಿ ಆರಂಭವಾದ ಸರ್ಕಾರದ ಮಡಿಲು ಕಿಟ್‌ನಲ್ಲಿ ಸೊಳ್ಳೆಪರದೆ, ಸೋಪು ಕೊಟ್ಟದ್ದು ಅವು ಆರೋಗ್ಯದ ಸಾಮಗ್ರಿ ಎಂದು ಒಪ್ಪಿಯೇ. ಅಂಥ ಕಿಟ್‌ನಲ್ಲಿ ಹಾಲೂಡಿಸುವ ಎರಡು ಬ್ರಾ, ನಾಲ್ಕು ಹತ್ತಿ ಚಡ್ಡಿಗೆ ಜಾಗ ಇರಲೇಬೇಕು. 1961ರ ಹೆರಿಗೆ ಸೌಲಭ್ಯ ಕಾಯ್ದೆ ಮಗುವಿಗೆ 15 ತಿಂಗಳಾಗುವವರೆಗೆ ಕೆಲಸದ ನಡುವೆ ದಿನಕ್ಕೆ ಎರಡು ಬಾರಿ ಹಾಲೂಡಿಸಲು ಬಿಡುವು ಕೊಟ್ಟಿತು. ರೇನ್‌ಕೋಟ್, ಸ್ವೆಟರ್, ಬೆನ್ನ ಹಿಂದಿನ ಹುಕ್ಕು ಎಲ್ಲ ಬಿಚ್ಚುವಷ್ಟರಲ್ಲೇ ಆ ಬಿಡುವು ಅರ್ಧ ಮುಗಿದಿರುತ್ತದೆ. ಒಂದು ಕೈಯಲ್ಲಿ ಮಗುವನ್ನು ಹಿಡಿದು ಇನ್ನೊಂದರಲ್ಲಿ ತೆರೆಯಬಹುದಾದ ಬ್ರಾ ಇದ್ದರೆ ಕಾನೂನು ಕೊಟ್ಟ ಬಿಡುವು ಮಗುವಿಗೆ ಸಿಗುತ್ತದೆ.

ಹಿತವಾಗಿರಲಿ, ಸರಿ, ಚಂದ ಯಾಕೆ ಬೇಕು ಎನ್ನುವವರಿದ್ದಾರೆ. ಬಾಣಂತನದಲ್ಲಿ ಹೆಣ್ಣಿನ ಮೈ ಮನೆಯವರೆಲ್ಲರ ಕೆಲಸವಾಗುತ್ತದೆ. ಎಣ್ಣೆ ಎಷ್ಟು ಹಚ್ಚಬೇಕು, ನೀರು ಎಷ್ಟು ಬಿಸಿಯಿರಬೇಕು, ಏನು ತಿನ್ನಬಾರದು ಎಂಬುದನ್ನೆಲ್ಲ ಬೇರೆಯವರು ನಿಶ್ಚಯಿಸುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೂ ಅವಳದ್ದೆಂಬುದು ಅಲ್ಲಿ ಏನೂ ಉಳಿಯುವುದಿಲ್ಲ. ಹೊಟ್ಟೆ ಸಡಿಲಗೊಂಡು, ಎದೆ ಸೋರುತ್ತ, ಕನ್ನಡಿ ನೋಡಲೂ ಮನಸ್ಸಾಗದ ಆ ದಿನಗಳಲ್ಲಿ ಅವಳೇ ಆರಿಸಿದ ಒಂದು ಬಣ್ಣ, ಅಂಚಿನ ಒಂದು ಲೇಸು ಈ ಮೈ ಇನ್ನೂ ತನ್ನದೇ ಎಂದು ಅವಳಿಗೆ ಹೇಳುತ್ತದೆ. ಲೇಸು ಅಂಚಿನಲ್ಲಿದ್ದು ಮೈಗೆ ತಾಗುವ ಬಟ್ಟೆ ಹತ್ತಿಯದ್ದಾದರೆ ಆರೋಗ್ಯಕ್ಕೆ ಯಾವ ನಷ್ಟವೂ ಇಲ್ಲ.

ವಿರಾಜಪೇಟೆ, ಗೋಣಿಕೊಪ್ಪಲು, ಸೋಮವಾರಪೇಟೆಯ ಬಟ್ಟೆ ಅಂಗಡಿಗಳು ಒಬ್ಬ ಮಹಿಳಾ ಸಿಬ್ಬಂದಿ, ಒಂದು ಅಳತೆ ಟೇಪು, ಒಂದು ಪರದೆ ಇಟ್ಟರೆ ನಂಬರು ಪಿಸುಗುಟ್ಟುವ ಕಷ್ಟ ತಪ್ಪುತ್ತದೆ. ಮನೆಯವರು ಮಾಡಬೇಕಾದದ್ದಕ್ಕೆ ದುಡ್ಡೂ ಬೇಡ. ಒಲೆಯ ಹತ್ತಿರದ ಹಗ್ಗದಲ್ಲಿ, ಬಿಸಿ ಚೆನ್ನಾಗಿ ತಾಗುವ ಕಡೆ, ಅವಳ ಒಳಉಡುಪಿಗೆ ಜಾಗ ಬಿಡಲಿ. ಮೇಲೆ ಟವೆಲು ಹೊದಿಸದಿರಲಿ.